ಡಿಪೋ ರಾಣಿಯ ಬ್ಯಾಕಪ್

“ಬದುಕುತ್ತಾ ಅಣ್ಣಾ?”

ಕೇಳಿದವನ ಕೈ ನನ್ನ ಕತ್ತಿನ ಮೇಲಿತ್ತು. ಕೈ ಅಂದರೆ ಮರದ ಕೊರಡು. ಇನ್ನೊಂಚೂರು ಅದುಮಿದ್ದರೆ ನನ್ನ ಮೂಗು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಲ್ಯಾಪ್‌ಟಾಪಿನ ಫ್ಯಾನಿನೊಳಗೆ ಇರುತ್ತಿತ್ತು.

“ಕೈ ತೆಗೆದ್ರೆ ಬದುಕುತ್ತೆ,” ಅಂದೆ. “ನಾನೂ ಬದುಕ್ತೀನಿ.”

ತೆಗೆಯಲಿಲ್ಲ.

“ಮಧ್ಯಾಹ್ನ ರೇಸು. ಅಷ್ಟರೊಳಗೆ ಇದು ಎದ್ದು ಕೂರ್ಬೇಕು. ಕೂರ್ಲಿಲ್ಲ ಅಂದ್ರೆ…”

“ಅಂದ್ರೆ?”

“ನನ್ನ ಸಂಸಾರದ ಕಥೆ ಮುಗೀತು ಅಣ್ಣಾ.”

ಅವನ ದನಿ ನಡುಗಿತು. ನಗಬೇಡಿ ಸಾರ್. ಆ ಹೊತ್ತಿನಲ್ಲಿ ನನಗೂ ನಗು ಬರಲಿಲ್ಲ, ಕತ್ತು ನನ್ನದಲ್ಲವೇ.

ನನ್ನ ಕಸುಬು ನಿಮಗೆ ಗೊತ್ತು. ಟೈಲರ್ ಅಂಗಡಿಯ ಮೇಲೊಂದು ರೂಮು. ಶೋರೂಮಿನವರು ಕೈಚೆಲ್ಲಿದ ಮೇಲೆ ಜನ ನನ್ನ ಮೆಟ್ಟಿಲು ಹತ್ತುತ್ತಾರೆ. ಸತ್ತ ಲ್ಯಾಪ್‌ಟಾಪನ್ನು ಎಬ್ಬಿಸುತ್ತೇನೆ. ಬೇಕೆಂದವರಿಗೆ ಬೀಗವನ್ನೂ ತೆಗೆದುಕೊಡುತ್ತೇನೆ.

ಎಂಥ ಬೀಗ ಅಂತೀರಾ? ಪ್ರೊಸೆಸರ್ ಎಷ್ಟು ವೇಗವಾಗಿ ಓಡಬೇಕು ಅಂತ ಕಂಪನಿಯವರು ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆ ಇರುವುದು ಬಯೋಸ್ ಅನ್ನುವ ಪುಟ್ಟ ಪ್ರೋಗ್ರಾಮಿನಲ್ಲಿ. ಬಯೋಸ್ ಇರುವುದು ಉಗುರಿಗಿಂತ ಸಣ್ಣ, ಎಂಟು ಕಾಲಿನ ಒಂದು ಚಿಪ್ಪಿನಲ್ಲಿ. ಅದರಲ್ಲಿ ಬಚ್ಚಿಟ್ಟ ಮೆನು ತೆರೆದರೆ ಗೆರೆ ದಾಟಬಹುದು. ಓವರ್‌ಕ್ಲಾಕ್ ಅನ್ನುವುದು ಅದಕ್ಕೇ. ತಿದ್ದಿದ ಬಯೋಸನ್ನು ಚಿಪ್ಪಿಗೆ ವಾಪಸ್ ಬರೆಯುವಾಗ ಒಂದು ಅಕ್ಷರ ಆಚೀಚೆ ಆದರೆ ಲ್ಯಾಪ್‌ಟಾಪ್ ಕಲ್ಲಾಗುತ್ತದೆ.

ಇವನದು ಕಲ್ಲಾಗಿತ್ತು.

ಇವನನ್ನು ಎಲ್ಲರೂ ಬಂಡೆ ಅಂತಾರೆ. ಬೌನ್ಸರ್. ಕ್ಲಬ್ಬಿನ ಬಾಗಿಲಲ್ಲಿ ನಿಂತರೆ ಗಾಳಿಯೂ ಕೇಳಿಕೊಂಡು ಒಳಗೆ ಹೋಗಬೇಕು.

“ಯಾರು ಇದಕ್ಕೆ ಕೈ ಹಾಕಿದ್ದು?” ಕೇಳಿದೆ.

“ನಾನೇ. ವಿಡಿಯೋ ನೋಡ್ಕೊಂಡು.”

“ಹಳೇ ಬಯೋಸ್ ಬ್ಯಾಕಪ್ ತಗೊಂಡಿದ್ಯಾ?”

ಅವನ ಎದೆ ಉಬ್ಬಿತು. “ತಗೊಳ್ದೆ ಇರ್ತೀನಾ? ಮೊದ್ಲು ಅದೇ ಮಾಡಿದ್ದು.”

“ಭೇಷ್. ಎಲ್ಲಿದೆ?”

“ಇದರಲ್ಲೇ.”

ಸತ್ತ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದ.

ಡಿಸ್ಕ್ ಬಿಚ್ಚಿ ನನ್ನ ಮಷೀನಿಗೆ ಹಾಕಿದೆ. ಫೋಲ್ಡರ್ ಸಿಕ್ಕಿತು. ಪಾಸ್‌ವರ್ಡ್ ಕೇಳಿತು.

“ಹೆಂಡ್ತಿ ನೋಡ್ಬಾರ್ದು ಅಂತ ಹಾಕಿದ್ದೆ,” ಅಂದ.

“ಪಾಸ್‌ವರ್ಡ್ ಹೇಳು.”

“ನಂಗೆಲ್ಲಿ ನೆನಪಿರುತ್ತೆ? ಲ್ಯಾಪ್‌ಟಾಪೇ ನೆನಪಿಟ್ಕೊಂಡಿರುತ್ತೆ.”

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. “ನೋಡಪ್ಪಾ ಬಂಡೆ. ಅಸಲು ಒಂದು ಕಡೆ, ನಕಲು ಇನ್ನೊಂದು ಕಡೆ. ಎರಡೂ ಒಂದೇ ಕಡೆ ಇಟ್ರೆ ಎರಡೂ ಒಟ್ಟಿಗೇ ಹೋಗುತ್ತೆ. ಗೊತ್ತಾಯ್ತಾ?”

ತಲೆ ಆಡಿಸಿದ. ತಲೆ ಆಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

“ಅದ್ಸರಿ, ರೇಸು ಯಾರ ಜೊತೆ? ಯಾವ್ದಾದ್ರೂ ಗ್ಯಾಂಗಾ?”

“ಅತ್ತೆ ಜೊತೆ.”

“ಯಾರ ಅತ್ತೆ?”

“ನನ್ನ ಅತ್ತೆ ಅಣ್ಣಾ. ಹೆಂಡ್ತಿ ತಾಯಿ. ಕಾರ್ ರೇಸ್ ಗೇಮು. ಒಂದು ಸಲಾನೂ ಗೆದ್ದಿಲ್ಲ ನಾನು. ಇವತ್ತು ಸೋತ್ರೆ ನಾವಿಬ್ರೂ ಗಂಟು ಮೂಟೆ ಕಟ್ಕೊಂಡು ಅವರ ಮನೆಗೆ ಹೋಗಿ ಇರ್ಬೇಕು. ಮನೆ ಅಳಿಯ ಆಗೋದು. ಗೆದ್ರೆ ಅವರ ಹತ್ರ ಇರೋ ನಮ್ಮನೆ ಡೂಪ್ಲಿಕೇಟ್ ಕೀ ವಾಪಸ್ ಕೊಡ್ತಾರೆ.”

“ಒಂದು ಕೀಗೆ ಇಷ್ಟು ರಂಪಾನಾ?”

“ನಿಮಗೇನು ಗೊತ್ತು? ನಾನು ಸ್ನಾನ ಮಾಡಿ ಟವೆಲ್ ಸುತ್ಕೊಂಡು ಬರ್ತೀನಿ… ಹಾಲ್‌ನಲ್ಲಿ ಅತ್ತೆ ಕೂತಿರ್ತಾರೆ. ‘ಬೆನ್ನು ಸರಿಯಾಗಿ ಒರೆಸ್ಕೊಂಡಿಲ್ಲ ಅಳಿಯಂದ್ರೇ’ ಅಂತಾರೆ.”

ನನಗೆ ಕೆಮ್ಮು ಬಂತು. ಅವನು ನಗಲಿಲ್ಲ.

“ಹಾಸ್ಟೆಲ್ಲು, ಚಿಕ್ಕಪ್ಪನ ಮನೆ, ಫ್ರೆಂಡ್ಸ್ ರೂಮು… ಹುಟ್ಟಿದಾಗಿಂದ ಬೇರೆಯವರ ಬಾಗಿಲೇ ತಟ್ಟಿದ್ದೀನಿ ಅಣ್ಣಾ. ನಂದು ಅಂತ ಬೀಗ ತೆಗೆದಿದ್ದು ಇದೊಂದೇ ಮನೇದು. ಬಾಡಿಗೆದೇ ಇರ್ಲಿ.”

ಪಾಪ ಅನ್ನಿಸಿತು. ಊರಿನವರನ್ನೆಲ್ಲ ಬಾಗಿಲಲ್ಲೇ ತಡೆಯುವವನಿಗೆ ತನ್ನ ಮನೆ ಬಾಗಿಲು ಕಾಯಲು ಆಗುತ್ತಿರಲಿಲ್ಲ.

“ಅತ್ತೆ ಅಷ್ಟು ಚೆನ್ನಾಗಿ ಹೇಗೆ ಓಡಿಸ್ತಾರೆ?”

“ಬಸ್ ಡ್ರೈವರ್ ಆಗಿ ರಿಟೈರ್ ಆದೋರು. ಡಿಪೋ ರಾಣಿ ಅಂತಿದ್ರಂತೆ.”

ನನ್ನ ಸ್ಕ್ರೂಡ್ರೈವರ್ ನಿಂತಿತು.

ಡಿಪೋ ರಾಣಿ. ಹೋದ ತಿಂಗಳು ಇದೇ ಮೆಟ್ಟಿಲು ಹತ್ತಿ, ಇದೇ ಸ್ಟೂಲಿನ ಮೇಲೆ ಕೂತಿದ್ದರು. ಇದೇ ಮಾಡೆಲ್ ಲ್ಯಾಪ್‌ಟಾಪ್. ‘ಇದರ ಬೀಗ ತೆಗಿಯಪ್ಪಾ. ನಮ್ಮ ಅಳಿಯ ದೇವರಿಗೆ ಗೊತ್ತಾಗ್ಬಾರ್ದು. ಬಾಯಿ ಬಿಟ್ಟೆ ಅಂದ್ರೆ ರಿವರ್ಸ್ ಗೇರ್‌ನಲ್ಲಿ ಬರ್ತೀನಿ.’ ತೆಗೆದುಕೊಟ್ಟಿದ್ದೆ. ಬೀಗ ತೆಗೆದ ಆ ಬಯೋಸಿನ ನಕಲು ನನ್ನ ಡ್ರಾಯರಿನಲ್ಲಿ ಪೆನ್‌ಡ್ರೈವ್ ಒಳಗೆ ಮಲಗಿತ್ತು.

“ಅವರದ್ದೂ ಇದೇ ಲ್ಯಾಪ್‌ಟಾಪಾ?” ಕೇಳಿದೆ, ಏನೂ ಗೊತ್ತಿಲ್ಲದವನ ಹಾಗೆ.

“ಜೋಡಿ ತಗೊಂಡ್ರೆ ಆಫರ್ ಇತ್ತು. ಹೆಂಡ್ತಿ ಎರಡು ತಂದ್ಲು.” ಅವನ ಕಣ್ಣು ಸಣ್ಣಗಾಯಿತು. “ಯಾಕಣ್ಣಾ? ಅತ್ತೆ ಇಲ್ಲಿಗೇನಾದ್ರೂ ಬಂದಿದ್ರಾ?”

ಕೊರಡು ಮತ್ತೆ ಕತ್ತಿಗೆ ಬಂತು.

“ಯಾವ ಅತ್ತೆ? ನಾನು ಬಸ್ಸೇ ಹತ್ತಲ್ಲ.”

ಗಿರಾಕಿಯ ಗುಟ್ಟು ಗುಟ್ಟೇ ಸಾರ್. ಅದನ್ನು ಬಿಟ್ಟರೆ ನಮ್ಮ ಕಸುಬಿನಲ್ಲಿ ಉಳಿಯುವುದು ಸ್ಕ್ರೂಗಳು ಮಾತ್ರ.

ಫ್ಯಾನ್ ಎತ್ತಿದೆ. ಗಾಳಿ ಹೋಗುವ ಕಿಂಡಿಯಲ್ಲಿ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು.

“ಇದನ್ನ ಎಲ್ಲಿಟ್ಟು ಆಡ್ತೀಯ?”

“ದಿಂಬಿನ ಮೇಲೆ.”

“ನಿಂಗೆ ಓವರ್‌ಕ್ಲಾಕ್ ಬೇಡ ಮಾರಾಯ. ಇದಕ್ಕೆ ಉಸಿರಾಡೋಕೆ ಬಿಟ್ರೆ ಸಾಕು. ಬಿಸಿ ಆದ್ರೆ ಇದು ತಾನಾಗೇ ನಿಧಾನ ಆಗುತ್ತೆ. ಅದಕ್ಕೇ ನೀನು ಸೋಲೋದು.”

“ಧೂಳು ಗೀಳು ಕಥೆ ಬೇಡ. ಬೀಗ ತೆಗೀರಿ.”

ಹೇಳಿದರೆ ಕೇಳುವ ಜಾತಿಯಲ್ಲ. ಆದರೂ ಬ್ರಷ್ ತಗೊಂಡು ಕಿಂಡಿ ಚೊಕ್ಕ ಮಾಡಿದೆ. ಆಮೇಲೆ ಬಯೋಸ್ ಚಿಪ್ಪಿಗೆ ನನ್ನ ಮಷೀನಿನ ಕ್ಲಿಪ್ ಕಚ್ಚಿಸಿದೆ. ಅವನ ಅಸಲು ಬಯೋಸ್ ಸತ್ತಿತ್ತು, ನಕಲು ಪಾಸ್‌ವರ್ಡಿನ ಹಿಂದೆ ಸಿಕ್ಕಿಬಿದ್ದಿತ್ತು. ಅದೇ ಮಾಡೆಲಿನದು ಅಂತ ನನ್ನ ಹತ್ತಿರ ಇದ್ದದ್ದು ಒಂದೇ. ಡ್ರಾಯರ್ ತೆಗೆದು ಅತ್ತೆಯದನ್ನೇ ಅಳಿಯನ ಚಿಪ್ಪಿಗೆ ಬರೆದೆ.

ಫ್ಯಾನು, ಡಿಸ್ಕು ವಾಪಸ್ ಕೂರಿಸಿ ಆನ್ ಮಾಡಿದೆ. ಫ್ಯಾನ್ ತಿರುಗಿತು. ಸ್ಕ್ರೀನಿನ ಕೇಬಲ್ ಇನ್ನೂ ಹಾಕಿರಲಿಲ್ಲ, ಅಂಗಡಿಯ ಮುದಿ ಮಾನಿಟರಿಗೆ ಹಚ್ಚಿ ನೋಡಿದೆ. ಅದು ಕಣ್ಣು ಬಿಡುವ ಹೊತ್ತಿಗೆ ವಿಂಡೋಸ್ ಬಂದು ಕೂತಿತ್ತು. ಎಲ್ಲ ಸರಿ. ಮುಚ್ಚಿ ಸ್ಕ್ರೂ ಹಾಕಿದೆ. ಬಂಡೆ ನನ್ನನ್ನು ತಬ್ಬಿಕೊಂಡ. ಪಕ್ಕೆಲುಬು ಲಟಕ್ ಅಂದಿತು. ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಓಡಿದ.

ಪೆನ್‌ಡ್ರೈವನ್ನು ಡ್ರಾಯರಿಗೆ ಹಾಕುವಾಗ ಅದರ ಮೇಲಿನ ಚೀಟಿ ಕಂಡಿತು. ನನ್ನದೇ ಅಕ್ಷರ.

‘ಡಿಪೋ ರಾಣಿ. ಬಸ್ಸಿನ ಚಿತ್ರ ಸಮೇತ.’

ಕೆಟ್ಟೆ!

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಂಪನಿಯ ಗುರುತು ಬರುತ್ತದಲ್ಲ, ಅದರ ಜಾಗದಲ್ಲಿ ಕೆಂಪು ಬಸ್ಸು ಬೇಕು, ಕೆಳಗೆ ತನ್ನ ಬಿರುದು ಬೇಕು ಅಂತ ಆಕೆ ಹಟ ಹಿಡಿದಿದ್ದರು. ನಾನೇ ಬಯೋಸಿನೊಳಗೆ ಸೇರಿಸಿದ್ದೆ. ಮುದಿ ಮಾನಿಟರ್ ಅದನ್ನು ನನಗೆ ತೋರಿಸದೇ ನುಂಗಿತ್ತು!

ಫೋನ್ ಮಾಡಿದೆ. ಎತ್ತಲಿಲ್ಲ.

ಸ್ಕೂಟರ್ ಹತ್ತಿದೆ. ಪೇಪರ್ ಅಂಗಡಿ ದಾಟಿ, ಒನ್‌ವೇಯಲ್ಲಿ ಉಲ್ಟಾ ನುಗ್ಗಿ, ಹಣ್ಣಿನ ಗಾಡಿಯವನ ಬೈಗುಳ ತಿಂದು… ಸಿಗ್ನಲ್ ಹತ್ತಿರ ಬೈಕಿನ ಮೇಲೆ ಅವನ ಬೆನ್ನು ಕಂಡಿತು. ಆ ಬೆನ್ನು ಎಲ್ಲಿದ್ದರೂ ಕಾಣುತ್ತದೆ.

“ಬಂಡೆ! ನಿಲ್ಲೋ!”

ಹೆಲ್ಮೆಟ್ ತಿರುಗಿತು. ನಾನು ಆಶೀರ್ವಾದ ಮಾಡಲು ಬಂದೆ ಅಂದುಕೊಂಡಿರಬೇಕು. ಹೆಬ್ಬೆರಳು ಎತ್ತಿ ತೋರಿಸಿದ. ಸಿಗ್ನಲ್ ಹಸಿರಾಯಿತು. ಬರ್ರ್ ಅಂತ ಹೋದ.

ನಡುವೆ ಒಂದು ಲಾರಿ ರಿವರ್ಸ್ ತಗೊಂಡಿತು. ಫುಟ್‌ಪಾತ್ ಹತ್ತಿಸಿದೆ. ಲಾಂಡ್ರಿಯವರು ಒಣಗಿಸಿದ್ದ ಬೆಡ್‌ಶೀಟ್ ಒಂದು ನನ್ನ ಜೊತೆ ಅರ್ಧ ಬೀದಿ ಬಂತು. ಅವನ ಬೈಕು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ತಿರುಗಿದ್ದು ಕಂಡಿತು. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಹಿಡಿದು ಹತ್ತಿದೆ. ನನ್ನ ವಯಸ್ಸಿಗೆ ಅದು ಓವರ್‌ಕ್ಲಾಕೇ.

ಅವನ ಮನೆ ಬಾಗಿಲು ತೆರೆದಿತ್ತು. ಹಾಲ್‌ನಲ್ಲಿ ಉದ್ದ ಮೇಜು. ಆ ಕಡೆ ಡಿಪೋ ರಾಣಿ. ಬಿಳಿ ಜಡೆ, ಬೆನ್ನು ನೆಟ್ಟಗೆ. ಅವರ ಲ್ಯಾಪ್‌ಟಾಪಿನ ಕೆಳಗೆ ಹೊಸದಾಗಿ ಹಾಸಿದ ದಪ್ಪ ಕಸೂತಿ ಬಟ್ಟೆ. ಈ ಕಡೆ ಬಂಡೆ. ನಡುವೆ ಅವನ ಹೆಂಡತಿ, ಕೈಕಟ್ಟಿ ಕೂತಿದ್ದರು. ಆಕೆಯ ಕುರ್ಚಿಗೆ ತೂಕ ಅಳತೆ ಇಲಾಖೆಯ ಚೀಲ ನೇತು ಬಿದ್ದಿತ್ತು. ಅಂಗಡಿಗಳ ತಕ್ಕಡಿ ತಪಾಸಣೆ ಮಾಡಿ ಕಳ್ಳತೂಕ ಹಿಡಿಯುವ ಇನ್ಸ್‌ಪೆಕ್ಟರ್ ಈಕೆ ಅಂತ ಆ ಪುಣ್ಯಾತ್ಮ ನನಗೆ ಹೇಳಿರಲೇ ಇಲ್ಲ.

ಡಿಪೋ ರಾಣಿ ನನ್ನನ್ನು ನೋಡಿದರು. ರೆಪ್ಪೆ ಕೂಡ ಅಲುಗಲಿಲ್ಲ.

“ಯಾರಿವರು?” ಅಂದರು.

“ನಮ್ಮಣ್ಣ,” ಅಂದ ಬಂಡೆ.

“ಆನ್… ಮಾಡ್ಬೇಡ…” ಅಂದೆ. ಉಸಿರು ಎರಡು ಮಾತಿಗೇ ಮುಗಿಯಿತು.

ಅವನು ಬಟನ್ ಒತ್ತಿ ಆಗಿತ್ತು. ಅತ್ತೆಯೂ ಒತ್ತಿದ್ದರು.

ಎರಡು ಸ್ಕ್ರೀನಿನಲ್ಲೂ ಕೆಂಪು ಬಸ್ಸು. ಎರಡರ ಕೆಳಗೂ ‘ಡಿಪೋ ರಾಣಿ’.

ಹೆಂಡತಿ ಎದ್ದರು. ಈ ಬಸ್ಸು ನೋಡಿದರು, ಆ ಬಸ್ಸು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ತಕ್ಕಡಿಯ ತಳಕ್ಕೆ ಅಂಟಿಸಿದ ಹುಣಸೆ ಹಣ್ಣು ಸಿಕ್ಕಾಗ ಹೀಗೇ ನೋಡುತ್ತಾರೇನೋ.

“ಅಮ್ಮಾ, ನಿನ್ನ ಬಸ್ಸು ಇವರ ಲ್ಯಾಪ್‌ಟಾಪ್‌ನಲ್ಲಿ ಏನ್ ಮಾಡ್ತಿದೆ?”

ಡಿಪೋ ರಾಣಿ ಜಡೆ ಸರಿಮಾಡಿಕೊಂಡರು.

“ನೀವು ಏನ್ ಕೆಲಸ ಮಾಡ್ತೀರಿ?” ಇದು ನನಗೆ.

“ಲ್ಯಾಪ್‌ಟಾಪ್ ರಿಪೇರಿ ಮೇಡಂ.”

“ಎರಡಕ್ಕೂ ಕೈ ಹಾಕಿದ್ದೀರಾ?”

ಬಂಡೆ ತೋಳು ಏರಿಸಿದ. ಡಿಪೋ ರಾಣಿ ಕೋಲಿನಂಥ ಛತ್ರಿಗೆ ಕೈ ಚಾಚಿದರು. ಎರಡೂ ಕಡೆಯಿಂದ ಸಾವು.

“ಹೌದು ಮೇಡಂ. ಎರಡಕ್ಕೂ.”

“ನಾಚ್ಕೆ ಆಗಲ್ವಾ ಅಳಿಯಂದ್ರೇ?” ಡಿಪೋ ರಾಣಿ ಮೊದಲು ಸುಧಾರಿಸಿಕೊಂಡರು. “ಒಂದು ಹೆಂಗಸನ್ನ ಗೆಲ್ಲೋಕೆ ಬೀಗ ತೆಗೆಸಿದ್ರಾ?”

“ನಿಮ್ಮದೂ ತೆಗೆಸಿದೀರಲ್ಲ ಅತ್ತೆ!”

“ನಂದು ವಯಸ್ಸಾದ ಕೈ. ಸ್ವಲ್ಪ ಆಸರೆ ಬೇಡ್ವಾ?” ಆಮೇಲೆ ನನ್ನ ಕಡೆ ತಿರುಗಿದರು. “ಬಾಯಿ ಬಿಡಲ್ಲ ಅಂದಿದ್ಯಲ್ಲಪ್ಪಾ?”

“ಬಿಟ್ಟಿಲ್ಲ ಅಮ್ಮ. ನಿಮ್ಮ ಬಸ್ಸೇ ಬಿಡ್ತು.”

“ಎಲ್ರೂ ಸುಮ್ನಿರಿ,” ಅಂದರು ಇನ್ಸ್‌ಪೆಕ್ಟರ್. “ಇಬ್ರದ್ದೂ ಕಳ್ಳತಕ್ಕಡಿ. ನೀವು, ಎರಡನ್ನೂ ಕಂಪನಿ ಲೆಕ್ಕಕ್ಕೆ ತನ್ನಿ. ನನ್ನ ಕಣ್ಮುಂದೆ.”

ಹಾಗೇ ಮಾಡಿದೆ. ಬಚ್ಚಿಟ್ಟ ಮೆನು ಒಳಗೆ ಹೋಗಿ ಎರಡರ ವೇಗವನ್ನೂ ಕಂಪನಿಯ ಗೆರೆಗೆ ಇಳಿಸಿದೆ. ಆಕೆ ಎರಡರ ಬೆನ್ನಿಗೂ ಪೇಪರ್ ಸೀಲ್ ಅಂಟಿಸಿ ಸಹಿ ಹಾಕಿದರು. ಗಂಡನ ಮೇಲೂ ನಂಬಿಕೆ ಇಲ್ಲ, ತಾಯಿಯ ಮೇಲೂ ಇಲ್ಲ. ಅಂಥವರೇ ಆ ಇಲಾಖೆಗೆ ಬೇಕು.

ರೇಸು ಶುರುವಾಯಿತು.

ಡಿಪೋ ರಾಣಿ ಮುಂದೆ. ತಿರುವಿನಲ್ಲಿ ಭುಜವೂ ಬಾಗುತ್ತಿರಲಿಲ್ಲ, ಬರೀ ಬೆರಳು. ಬಂಡೆ ನಾಲಗೆ ಕಚ್ಚಿಕೊಂಡು ಹಿಂದೆ ಬಿದ್ದಿದ್ದ. ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಒರೆಸಿಕೊಳ್ಳಲೂ ಕೈ ಬಿಡಲಿಲ್ಲ.

ಕೊನೇ ಸುತ್ತು. ಅತ್ತೆಯ ಲ್ಯಾಪ್‌ಟಾಪಿನ ಫ್ಯಾನ್ ಕಿರುಚಲು ಶುರುಮಾಡಿತು. ದಪ್ಪ ಕಸೂತಿ ಬಟ್ಟೆ ಕೆಳಗಿನ ಕಿಂಡಿಯನ್ನೆಲ್ಲ ಮುಚ್ಚಿತ್ತು. ನಾನು ನೋಡಿದೆ, ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಡ ಅಂತ ಅವರೇ ಹೇಳಿದ್ದರಲ್ಲ. ಅವರ ಕಾರು ತಡವರಿಸಿತು, ನಿಂತು ನಿಂತು ಓಡಿತು. ಬಂಡೆಯ ಲ್ಯಾಪ್‌ಟಾಪಿನ ಕಿಂಡಿ ಚೊಕ್ಕವಾಗಿತ್ತು, ಅವನು ಪಕ್ಕದಿಂದ ನುಗ್ಗಿದ.

ಗೆದ್ದ. ಕೂಗಲಿಲ್ಲ, ಕುಣಿಯಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಡಿಪೋ ರಾಣಿ ಪರ್ಸಿನಿಂದ ಕೀ ತೆಗೆದರು. ಒಂದು ಗಳಿಗೆ ಅಂಗೈಯಲ್ಲೇ ಹಿಡಿದುಕೊಂಡರು.

“ಇವಳು ಬೆಳೆಯೋವಾಗ ನಾನು ರೋಡಲ್ಲಿದ್ದೆ,” ಅಂದರು. “ಈಗಾದ್ರೂ ದಿನಾ ನೋಡೋಣ ಅಂತ… ಹೋಗ್ಲಿ ಬಿಡಿ. ತಗೊಳ್ಳಿ ಅಳಿಯಂದ್ರೇ. ಇನ್ಮೇಲೆ ಬೆಲ್ ಹೊಡ್ದೇ ಬರ್ತೀನಿ.”

“ಬನ್ನಿ ಅತ್ತೆ. ಬರ್ಬೇಡಿ ಅಂದಿಲ್ಲ. ಬೆಲ್ ಹೊಡೀರಿ ಅಷ್ಟೆ.”

ಅವನ ಕಣ್ಣು ಒದ್ದೆಯಾಗಿತ್ತು. ಜೇಬಿನಿಂದ ತನ್ನ ಕೀ ತೆಗೆದ. ಅತ್ತೆ ಕೊಟ್ಟದ್ದನ್ನೂ ಅದೇ ರಿಂಗಿಗೆ ತೂರಿಸಿದ. ಎರಡನ್ನೂ ಒಮ್ಮೆ ಗಿಲಕಿಸಿ ಜೇಬಿಗಿಳಿಸಿದ.

“ಬಂಡೆ,” ಅಂದೆ. “ಅಸಲು ಒಂದು ಕಡೆ, ನಕಲು…”

ತಲೆ ಆಡಿಸಿದ.

ಮೊನ್ನೆ ಸಂಜೆ ಫೋನ್ ಬಂತು ಸಾರ್.

“ಅಣ್ಣಾ… ಮನೆ ಬಾಗಿಲ ಬೀಗ ತೆಗೆಯೋರು ಯಾರಾದ್ರೂ ಗೊತ್ತಾ?”

“ಯಾಕೆ?”

“ಕಸ ಹಾಕೋಕೆ ಅಂತ ಇಬ್ರೂ ಹೊರಗೆ ಬಂದ್ವಿ. ಗಾಳಿಗೆ ಬಾಗಿಲು ಬಿತ್ತು. ಕೀ ಒಳಗಿದೆ.”

“ಇನ್ನೊಂದು ಕೀ?”

“…ಅದೇ ರಿಂಗಲ್ಲಿ.”

“ಈಗ ಎಲ್ಲಿದ್ದೀಯ?”

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು. ಬಹಳ ಖುಷಿಯಾಗಿತ್ತು ಆ ದನಿ.

“ಹೊಸ ಟವೆಲ್ ಇಟ್ಟಿದ್ದೀನಿ ಅಳಿಯಂದ್ರೇ. ಬೆನ್ನು ಸರಿಯಾಗಿ ಒರೆಸ್ಕೊಳ್ಳಿ.”

ಬೀಗದವನ ನಂಬರ್ ನನ್ನ ಫೋನಿನಲ್ಲೇ ಇತ್ತು ಸಾರ್… ಮರುದಿನ ಬೆಳಿಗ್ಗೆ ಕೊಟ್ಟೆ.