ಮಹಡಿಯ ಮೇಲಿನ ಎರಡು ನೆರಳು

ಅಂದು ಮಹಡಿಯ ಮೇಲೆ, ಉರಿಬಿಸಿಲಲ್ಲಿ, ಹೆಂಡತಿಯ ಫೋಟೊ ತೆಗೆಯುತ್ತಿದ್ದೆ. ಅವಳ ಕೆನ್ನೆಯ ಮೇಲಿನ ಕಪ್ಪು ತಿಳಿಯಾಗಲೆಂದು ನನ್ನ ಜೀವದ ಗೆಳೆಯ ಎರಡೂ ಕೈಯಲ್ಲಿ ಬಿಸಿಲನ್ನು ಅವಳ ಮುಖಕ್ಕೆ ಹಾಯಿಸುವ ಬಿಳಿ ರಟ್ಟು ಹಿಡಿದು ದೂರ ನಿಂತಿದ್ದ. ಆದರೆ ನೆಲದ ಮೇಲೆ ಅವರಿಬ್ಬರ ನೆರಳೂ ಕೈ ಕೈ ಹಿಡಿದಿದ್ದವು. ಬರಿಗಾಲಲ್ಲೇ ಅಲ್ಲಿಗೆ ಹೋದೆ. ಕಾದ ಕಾವಲಿಯಂತಿದ್ದ ನೆಲ ಅಲ್ಲಷ್ಟೇ ಮಂಜಿನಂತೆ ಕೊರೆಯುತ್ತಿತ್ತು.

"ಏನೋ ಇದು?" ಎಂದೆ.

"ಬಿಸಿಲು ನಿನ್ನ ತಲೆಗೇರಿದೆ ಕಣೋ," ಎಂದು ಗೆಳೆಯ ನಕ್ಕ.

ಹೆಂಡತಿ ನಗಲಿಲ್ಲ, ನೆಲವನ್ನು ನೋಡಲೂ ಇಲ್ಲ. ಯಾವತ್ತೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ ಗೆಳೆಯನಿಗೆ, "ನಡಿ, ಕೆಳಗೆ ಹೋಗೋಣ," ಎಂದಳು.

ಇಬ್ಬರೂ ಮೆಟ್ಟಿಲಿಳಿದು ಹೋದರು. ನೆರಳುಗಳು ಹೋಗಲಿಲ್ಲ. ಹೊತ್ತು ಮುಳುಗುವವರೆಗೂ ನನ್ನ ಕಾಲಬುಡದಲ್ಲೇ, ಹಿಡಿದ ಕೈ ಬಿಡದೆ ಬಿದ್ದಿದ್ದವು.