ಚಿರಪೇಟಿಕೆಯಲ್ಲಿ ಪಿಳ್ಳಮ್ಮನ ಹೂಗಳು

ಹೂ ಬಾಡದಂತೆ ಕಾಯುವ ಚಿರಪೇಟಿಕೆಯ ಗಾಜಿನ ಹಿಂದೆ ಕಾರ್ನೇಷನ್ ಹೂಗಳು ಈಗಷ್ಟೇ ಕೊಯ್ದಂತೆ ನಿಂತಿದ್ದವು. ಪೆಟ್ಟಿಗೆ ನಿದ್ದೆ ಹೋದ ಬೆಕ್ಕಿನಂತೆ ಸಣ್ಣಗೆ ಗುರುಗುಡುತ್ತಿತ್ತು. ಚಿಕ್ಕಬಳ್ಳಾಪುರದ ಸುತ್ತಮುತ್ತ ಆಗ ಇಂಥ ಪೆಟ್ಟಿಗೆ ಇಲ್ಲದ ಮನೆಯೇ ಅಪರೂಪ.

ಕೊಯ್ದ ಹೂವೂ ಉಸಿರಾಡುತ್ತದೆ. ಉಸಿರಾಡುತ್ತಲೇ ಕಣ್ಣಿಗೆ ಕಾಣದ ಒಂದು ಅನಿಲವನ್ನು ಬಿಡುತ್ತದೆ. ಕಾಯನ್ನು ಮಾಗಿಸುವ ಆ ‘ಮಾಗನಿಲ’ವೇ ಹೂವಿಗೆ ಮುಪ್ಪು ತರುವುದು. ಕಾರ್ನೇಷನ್ನಿಗಂತೂ ಅದು ಸೋಕಿದರೆ ಸಾಕು, ದಳಗಳು ಒಳಮುಖವಾಗಿ ಸುರುಟಿಕೊಳ್ಳುತ್ತವೆ. ಹಿಂದೆಲ್ಲ ಕಾಂಡದ ತುದಿ ಓರೆಯಾಗಿ ಕತ್ತರಿಸಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಶೀತಲಗೃಹದಲ್ಲಿಟ್ಟರೂ ಕೆಲವೇ ವಾರಗಳ ಆಯುಸ್ಸು. ಡಾ. ಶಾಲ್ಮಲಿ ಕಂಡುಹಿಡಿದ ಪೆಟ್ಟಿಗೆಯ ‘ಅನಿಲಜರಡಿ’ ಮಾಗನಿಲವನ್ನು ಹುಟ್ಟಿದ ಕ್ಷಣವೇ ಹೀರಿ, ಹೂವಿನ ಉಸಿರನ್ನು ನಿಲ್ಲುವ ಅಂಚಿಗೆ ತಂದಿಡುತ್ತಿತ್ತು.

ಮುನಿಲಕ್ಷಮ್ಮನ ಪೆಟ್ಟಿಗೆಯಲ್ಲಿದ್ದದ್ದು ಅವಳ ತಾಯಿ ಪಿಳ್ಳಮ್ಮ ಸಾಯುವ ಮುನ್ನ ಕೊಯ್ದ ಕೊನೆಯ ಕಟ್ಟು. ಲವಂಗದ ವಾಸನೆಯ ಹಳೆಯ ತಳಿ; ಈಗ ಆ ಗಿಡ ಎಲ್ಲೂ ಇಲ್ಲ. ಹೂ ಬೆಳೆಯುವ ಪಾಲಿಹೌಸಿನ ಕೆಲಸ ಮುಗಿಸಿ ಬರುತ್ತಿದ್ದ ತಾಯಿಯ ಸೆರಗಿನಲ್ಲಿ ಅದೇ ವಾಸನೆ ಇರುತ್ತಿತ್ತು. ಅದಕ್ಕಾಗಿಯೇ ಹೂಗಳನ್ನು ಉಳಿಸಿಕೊಂಡಿದ್ದಳು. ಆದರೆ ಬಾಗಿಲು ತೆರೆದು ಮೂಗು ಒಡ್ಡಿದರೆ ಏನೂ ಇಲ್ಲ.

“ಏನಮ್ಮಣ್ಣಿ, ನಿನ್ ಪೆಟ್ಗೆ ನಮ್ಮಮ್ಮನ್ ವಾಸ್ನೇನೇ ನುಂಗ್ಬಿಟ್ಟೈತಲ್ಲಾ!” ಎಂದು ಪೆಟ್ಟಿಗೆ ನೋಡಲು ಬಂದ ಶಾಲ್ಮಲಿಯನ್ನು ಅವಳು ತರಾಟೆಗೆ ತೆಗೆದುಕೊಂಡಳು.

“ನುಂಗಿಲ್ಲ ಮುನಿಲಕ್ಷಮ್ಮ. ಹೂವು ತನ್ನನ್ನು ತಾನೇ ಖರ್ಚು ಮಾಡ್ಕೊಂಡ್ರೇನೇ ಪರಿಮಳ. ನಾನು ಆ ಖರ್ಚನ್ನೇ ನಿಲ್ಲಿಸಿದ್ದೀನಿ.”

“ಹಂಗಾದ್ರೆ ಆಚೆಗಿಟ್ಕೊಂಡು ಮೂಸ್ಲಾ?”

“ಮೂಸಬಹುದು. ಆಮೇಲೆ ಬಾಡಿಹೋಗುತ್ತೆ. ವಾಪಸ್ ತರೋಕೆ ನನ್ನಿಂದಾಗಲ್ಲ.”

“ಬ್ಯಾಡಮ್ಮ, ಬ್ಯಾಡ. ಕಣ್ಣಿಗಾದ್ರೂ ಇರ್ಲಿ.”

ಆಯುಧಪೂಜೆ ಬಂತು. ಮುನಿಲಕ್ಷಮ್ಮ ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ತಾಯಿಯ ಹೂ ಕಾಯುವ ಪೆಟ್ಟಿಗೆಗೆ ಎಲ್ಲಕ್ಕಿಂತ ಹೆಚ್ಚು ಭಕ್ತಿಯಿಂದ ಆರತಿ ಎತ್ತಿದಳು. ಎಡೆ ಹೊರಗಿಟ್ಟರೆ ಇರುವೆ ಮುತ್ತುತ್ತವೆಂದು, ಚೆನ್ನಾಗಿ ಕಳಿತ ಒಂದು ಚಿಪ್ಪು ಬಾಳೆಹಣ್ಣನ್ನು ಪೆಟ್ಟಿಗೆಯ ಒಳಗೇ ಇಟ್ಟು ಬಾಗಿಲು ಮುಚ್ಚಿದಳು.

ಮಾಗನಿಲ ಬಿಡುವುದರಲ್ಲಿ ಕಳಿತ ಬಾಳೆಹಣ್ಣು ಬಲು ಧಾರಾಳಿ. ಹೂಕಟ್ಟಿನ ಉಸಿರಿಗೆಂದು ಮಾಡಿದ್ದ ಜರಡಿ ಅದನ್ನು ತಾಳಲಾರದೆ ಕಟ್ಟಿಕೊಂಡಿತು; ತಡೆ ತಪ್ಪಿದ ಹೂಗಳು ಮತ್ತೆ ಉಸಿರಾಡತೊಡಗಿದವು.

ಮರುದಿನ ಮಧ್ಯಾಹ್ನ ಬಾಗಿಲು ತೆರೆದಾಗ ಲವಂಗದ ಘಮ ಅಂಗಳದವರೆಗೂ ನುಗ್ಗಿತು. ಸುದ್ದಿ ಕೇಳಿ ಓಡಿ ಬಂದ ಶಾಲ್ಮಲಿ, ಸುರುಟುತ್ತಿದ್ದ ದಳಗಳನ್ನು ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ, ಹಣ್ಣು ಒಳಗಿಟ್ರಾ? ಇಡಬೇಡಿ ಅಂತ ಹೇಳಬೇಕು ಅನ್ನೋದೇ ನನಗೆ ಹೊಳೀಲಿಲ್ಲ!”

“ಸುಮ್ಕಿರಮ್ಮಣ್ಣಿ. ಅಮ್ಮ ಬಂದವ್ಳೆ.”

ಮುನಿಲಕ್ಷಮ್ಮ ಕಣ್ಣು ಮುಚ್ಚಿ ಕುಳಿತಿದ್ದಳು. ಚಿಕ್ಕಂದಿನಲ್ಲಿ ಅಮ್ಮ ಹೇಳುತ್ತಿದ್ದ, ಮೋಡಗಳನ್ನು ಮಜ್ಜಿಗೆಯಂತೆ ಕಡೆದ ಮುದುಕಿಯ ಕಥೆ, ಮರೆತೇ ಹೋಗಿದೆ ಎಂದುಕೊಂಡಿದ್ದ ಕಥೆ, ಅವಳ ಬಾಯಿಂದ ತಾನಾಗಿಯೇ ಹೊರಟಿತು. ಶಾಲ್ಮಲಿ ಚಪ್ಪಲಿ ಕಳಚಿ ಪಕ್ಕದಲ್ಲಿ ಕುಳಿತು ಹೂಂಗುಟ್ಟಿದಳು. ಸಂಜೆಗೆ ಹೂ ಮುಗಿದಿತ್ತು.

ಸುದ್ದಿ ಮಾತ್ರ ಮುಗಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಶಾಲ್ಮಲಿಯ ಪ್ರಯೋಗಾಲಯದ ಮುಂದೆ ಜನ ಪೆಟ್ಟಿಗೆ ಹೊತ್ತು ಸಾಲು ನಿಂತರು. ಯಾರಿಗೂ ರಿಪೇರಿ ಬೇಕಿರಲಿಲ್ಲ. ಮುಂದಿದ್ದ ಅಜ್ಜ ಜೇಬಿನಿಂದ ಒಂದು ಬಾಳೆಹಣ್ಣು ತೆಗೆದು ಚಾಚಿದ.

“ನಮ್ ಹೆಂಗಸ್ರು ಕೊನೇಗ್ ಮುಡಿದಿದ್ ಹೂವು. ನಾನೇ ಇಡಾಕೆ ಕೈ ಬರಾಕಿಲ್ಲ ತಾಯಿ. ನೀನೇ ಇಡು.”

ಶಾಲ್ಮಲಿ ಗುಂಡಿ ಒತ್ತಿ ಜರಡಿಯನ್ನು ನಿಲ್ಲಿಸಿ, ಹಣ್ಣನ್ನು ಒಳಗಿಟ್ಟಳು. ಒಂದು ಕುರ್ಚಿ ಎಳೆದು ಪೆಟ್ಟಿಗೆಯ ಹತ್ತಿರ ಹಾಕಿದಳು.

“ಕೂತ್ಕೊಳ್ಳಿ ಅಜ್ಜ,” ಎಂದಳು. “ಸ್ವಲ್ಪ ಹೊತ್ತಾಗುತ್ತೆ. ಅವರ ಹೆಸರೇನು?”