ಇಸ್ಕ್ರಾ ಕಿತ್ತ ಹೂಗಳು

“ಕಾಲು ತೆಗೀರಿ ಅಲ್ಲಿಂದ.”

ಇಸ್ಕ್ರಾ ಅವನಿಗೆ ಹೇಳಿದ ಮೊದಲ ಮಾತು ಇದೇ. ರೊದೊಪಿ ಬೆಟ್ಟದ ಸುಣ್ಣಕಲ್ಲಿನ ಇಳಿಜಾರು, ಏಪ್ರಿಲ್ ತಿಂಗಳ ಚಳಿಗಾಳಿ. ಅವನು ಒಂದು ಕಾಲು ಮೇಲೆತ್ತಿಕೊಂಡು ಕೊಕ್ಕರೆಯಂತೆ ನಿಂತುಬಿಟ್ಟ. ಬೂಟಿನಡಿ ಸಿಕ್ಕಿ ಸಾಯಬೇಕಿದ್ದ ಬೆರಳುದ್ದದ ಗಿಡವೊಂದು ಸ್ವಲ್ಪದರಲ್ಲಿ ಉಳಿದಿತ್ತು.

“ಎಲ್ಲಿ ಇಳಿಸ್ಲಿ ಅಂತಾನೂ ಹೇಳಿಬಿಡಿ ಮೇಡಂ. ಸಂಜೆ ತನಕ ಹೀಗೇ ನಿಲ್ಲೋಕಾಗಲ್ಲ.”

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಆದರೆ ಹಿಂದಿನ ವಾರವಷ್ಟೇ ತನ್ನ ಗುರು ಪ್ರೊಫೆಸರ್ ಕುನೇವಾರನ್ನು ಮಣ್ಣು ಮಾಡಿ ಬಂದಿದ್ದಳು.

ಅವನ ಹೆಸರು ವೆಲ್ಕೊ. ಪ್ಲೊವ್ದಿವ್‌ನ ಪ್ರಯೋಗಾಲಯದಲ್ಲಿ ಗಿಡಗಳ ವಂಶವಾಹಿ ಓದುವ ಕೆಲಸ. ಎಲೆಯ ಮಾದರಿಗಳಿಗಾಗಿ ಬಂದಿದ್ದ.

ಆ ಗಿಡಕ್ಕೆ ನಮ್ಮ ಕುರುಬರು ‘ವಿಧವೆಯ ಕಣ್ಣೀರು’ ಅನ್ನುತ್ತಾರೆ. ಕುನೇವಾ ಅದನ್ನು ಕಂಡಾಗ ಲೋಕದಲ್ಲೆಲ್ಲ ಒಂದೇ ಬಂಡೆಯ ಬಿರುಕಿನಲ್ಲಿ ಬೆರಳೆಣಿಕೆಯಷ್ಟು ಉಳಿದಿತ್ತು. ಗುರು-ಶಿಷ್ಯೆ ಸೇರಿ ಬೀಜ ತಂದು ಸಸ್ಯೋದ್ಯಾನದಲ್ಲಿ ಬೆಳೆಸಿದರು, ಮತ್ತೆ ಬೆಟ್ಟಕ್ಕೆ ಹೊತ್ತು ತಂದು ನೆಟ್ಟರು. ಬೋಳು ಇಳಿಜಾರು ಪ್ರತಿ ಮೇ ತಿಂಗಳಲ್ಲಿ ನೀಲಿಯಾಯಿತು. ಪತ್ರಿಕೆಯವರು ಬಂದರು, ಮಂತ್ರಿಗಳು ಬಂದರು, ಹೊರದೇಶದ ಪ್ರೊಫೆಸರುಗಳು ಮಂಡಿಯೂರಿ ಫೋಟೋ ತೆಗೆದರು.

ಈಗ ಕುನೇವಾ ಇಲ್ಲ. ಉದ್ಯಾನದ ನಿರ್ದೇಶಕರ ಕುರ್ಚಿ ಖಾಲಿ. ಉಪನಿರ್ದೇಶಕಿ ಇಸ್ಕ್ರಾಳನ್ನು ಬಿಟ್ಟರೆ ಅದಕ್ಕೆ ಇನ್ಯಾರು?

ವೆಲ್ಕೊ ಆ ಬೇಸಿಗೆಯೆಲ್ಲ ಬೆಟ್ಟ ಹತ್ತಿದ. ಎಲೆಗೆಂದು ಬಂದವನು ನೀರಿನ ಕ್ಯಾನು ಹೊತ್ತ, ಬೇಲಿ ಕಟ್ಟಿದ. ಜುಲೈನ ಒಂದು ಮಧ್ಯಾಹ್ನ ಕುರುಬರ ಗುಡಿಸಲಿನ ನೆರಳಿನಲ್ಲಿ ಇಸ್ಕ್ರಾ ಇದ್ದಕ್ಕಿದ್ದಂತೆ ಗುರುವನ್ನು ನೆನೆದು ಅಳತೊಡಗಿದಳು. ಅವನು ಸಮಾಧಾನ ಹೇಳಲಿಲ್ಲ. ವಾಲ್‌ನಟ್ ಒಡೆದು, ತಿರುಳನ್ನು ಒಂದೊಂದಾಗಿ ಅವಳ ಅಂಗೈಯಲ್ಲಿಟ್ಟ. ಅವಳ ಅಳು ನಿಲ್ಲುವ ತನಕ ಒಡೆಯುತ್ತಲೇ ಇದ್ದ.

*ಅಯ್ಯೋ ದೇವರೇ... ಇವನನ್ನು ಪ್ರೀತಿಸಿಬಿಟ್ಟೆನಲ್ಲ,* ಅನ್ನಿಸಿತು ಅವಳಿಗೆ.

ಅಕ್ಟೋಬರ್‌ನಿಂದ ಅವನ ಮಾತು ಕಡಿಮೆಯಾಯಿತು. ಫೋನ್ ಮಾಡಿದರೆ ಲ್ಯಾಬಿನಲ್ಲಿ ಕೆಲಸ ಅನ್ನುತ್ತಿದ್ದ. ಚಳಿಗಾಲದಲ್ಲಿ, ನಿರ್ದೇಶಕರ ಕುರ್ಚಿಗೆ ಅವಳು ಹಾಕಿದ್ದ ಅರ್ಜಿಯನ್ನು ಪರಿಶೀಲಿಸುವ ಮೂವರಲ್ಲಿ ಅವನೂ ಒಬ್ಬನಾದ. ಅಭ್ಯರ್ಥಿಯೊಂದಿಗೆ ಪರಿಶೀಲಕರು ಮಾತಾಡಕೂಡದು ಎಂಬುದು ನಮ್ಮಲ್ಲಿನ ನಿಯಮ. ಪಾಪ, ಅದಕ್ಕೇ ದೂರ ಇದ್ದಾನೆ ಎಂದುಕೊಂಡಳು ಹುಚ್ಚಿ. ಕಾದಳು.

ಮೇ ತಿಂಗಳಲ್ಲಿ ಸಭೆ ಸೇರಿತು. ಕುನೇವಾ ಸತ್ತು ವರ್ಷವಾಯಿತೆಂದು, ನಮ್ಮಲ್ಲಿನ ರೂಢಿಯಂತೆ, ಅವರ ಫೋಟೋ ಇದ್ದ ಸ್ಮರಣೆಯ ಚೀಟಿಯನ್ನು ಬಾಗಿಲ ಮೇಲೆ ಹೊಸದಾಗಿ ಅಂಟಿಸಿದ್ದರು. ಫೋಟೋದಲ್ಲಿ ಆಕೆ ಎಂದಿನಂತೆ ಸಿಡುಕುಮುಖದಲ್ಲೇ ಇದ್ದರು. ಗೆದ್ದವರಿಗೆಂದು ಹೊರಗಿನ ಮೇಜಿನ ಮೇಲೆ ಕೋನ್ಯಾಕ್ ಬಾಟಲಿ ಮತ್ತು ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ಆಗಲೇ ಸಿದ್ಧವಾಗಿದ್ದವು. ಮೊದಲ ಇಬ್ಬರು ಪರಿಶೀಲಕರು ಅವಳನ್ನು ಆಕಾಶಕ್ಕೇರಿಸಿದರು.

ಮೂರನೆಯವನಾಗಿ ವೆಲ್ಕೊ ಎದ್ದ. ಮುಖ ಬಿಳಿಚಿತ್ತು. ಬೆಟ್ಟದ ಇಳಿಜಾರಿನಲ್ಲಿ ನೆಟ್ಟಿರುವುದು ವಿಧವೆಯ ಕಣ್ಣೀರು ಅಲ್ಲ ಎಂದು ಓದಿದ. ಅದು ಮಿಶ್ರತಳಿ, ಅರ್ಧ ಅದು, ಅರ್ಧ ಅದರ ದಾಯಾದಿ ಗಿಡ. ಅದರ ಪರಾಗ ಬಂಡೆಯ ಅಸಲಿ ಗಿಡಗಳನ್ನೂ ಕೆಡಿಸುತ್ತಿದೆ.

“ನೆಟ್ಟದ್ದೆಲ್ಲವನ್ನೂ ಬೇರು ಸಹಿತ ಕೀಳಬೇಕು,” ಎಂದು ಮುಗಿಸಿ ಕುಳಿತ. ಅವಳ ಕಡೆ ನೋಡಲಿಲ್ಲ.

ತಪ್ಪು ಎಲ್ಲಾಯಿತೆಂದು ಇಸ್ಕ್ರಾಳಿಗೆ ಕೂತಲ್ಲೇ ಹೊಳೆಯಿತು. ಸಸ್ಯೋದ್ಯಾನದವರಿಗೆ ಒಂದು ಹಳೆಯ ಗೀಳು: ನೆಂಟ ಗಿಡಗಳನ್ನು ಅಕ್ಕಪಕ್ಕದ ಪಾತಿಯಲ್ಲೇ ಕೂರಿಸಬೇಕು, ಮದುವೆಮನೆಯ ಪಂಕ್ತಿಯಂತೆ. ವಿಧವೆಯ ಕಣ್ಣೀರನ್ನು ಅದರ ದಾಯಾದಿಯ ಪಕ್ಕದಲ್ಲೇ ನೆಟ್ಟಿದ್ದರು. ಹೆಸರಿನ ಫಲಕ ಹೊಡೆದವಳು ಅವಳೇ. ಎಷ್ಟು ಅಚ್ಚುಕಟ್ಟು ಎಂದು ಕುನೇವಾ ಮೆಚ್ಚಿಕೊಂಡಿದ್ದರು. ಜೇನುನೊಣಕ್ಕೆ ಫಲಕ ಓದಲು ಬರುತ್ತದೆಯೇ?

ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

“ಯಾವಾಗ ಗೊತ್ತಾಯ್ತು ನಿಂಗೆ?”

“ಸೆಪ್ಟೆಂಬರಲ್ಲಿ.”

“ಆಮೇಲೆ ನಮ್ಮನೆಗೆ ಬಂದು ಊಟ ಮಾಡಿದ್ಯಲ್ಲ. ಅಮ್ಮನ ಹತ್ರ ಕೇಳಿ ಕೇಳಿ ಬಡಿಸ್ಕೊಂಡೆ. ಆಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಕೈಯೆತ್ತಿದಳು. ಹೊಡೆಯಲಿಲ್ಲ; ತಿರುಗಿ ನಡೆದಳು. ಹೊಡೆದಿದ್ದರೆ ಇಬ್ಬರಿಗೂ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಸಭೆಯ ಅಧ್ಯಕ್ಷ ಪ್ರೊಫೆಸರ್ ಗಾಂಚೆವ್ ಅವಳನ್ನು ಕೋಣೆಗೆ ಕರೆದು ಸಮಾಧಾನ ಮಾಡಿದರು. ಆ ಪ್ಲೊವ್ದಿವ್‌ನವನಿಗೆ ಕುರ್ಚಿಯ ಮೇಲೇ ಕಣ್ಣು, ನಿನ್ನ ಹತ್ತಿರ ಸುಳಿದದ್ದೂ ಅದಕ್ಕೇ ಅಂದರು. ಹೇಗಿದ್ದರೂ ಇಬ್ಬರ ಎದುರು ಅವನೊಬ್ಬ. ಶುಕ್ರವಾರಕ್ಕೆ ಮುಂದೂಡಿದ ಮತದಾನದಲ್ಲಿ ಅವಳು ‘ಇನ್ನಷ್ಟು ಸಂಶೋಧನೆ ಬೇಕು’ ಅಂದರೆ ಸಾಕು, ಉಳಿದದ್ದನ್ನು ತಾವು ನೋಡಿಕೊಳ್ಳುತ್ತೇವೆ ಎಂದರು. ನಮ್ಮ ವಿದ್ವಾಂಸರ ಲೋಕದಲ್ಲಿ ಎಂಥ ಸತ್ಯವನ್ನಾದರೂ ಹತ್ತು ವರ್ಷ ಮಲಗಿಸುವ ಜೋಗುಳ ಅದು.

“ಬೆಟ್ಟ ನೀಲಿಯಾಗಿದೆ ತಾನೇ ಮಗಳೇ? ಸಾಕು ಬಿಡು. ಯಾರಿಗೇನು ನಷ್ಟ?”

ಅವಳು ಎದ್ದು ಬಂದಳು.

ಮರುದಿನ ಒಬ್ಬಳೇ ಬೆಟ್ಟ ಹತ್ತಿದಳು. ಮೊದಲು ಬಂಡೆಯ ಬಳಿಗೆ ಹೋದಳು. ಬಿರುಕಿನಲ್ಲಿದ್ದ ಅಸಲಿ ಹೂ ಸಣ್ಣದು, ಮಾಸಲು ಬಣ್ಣ, ತಲೆ ತಗ್ಗಿಸಿದ್ದು. ಕೆಳಗೆ ಇಳಿಜಾರಿನ ತುಂಬ ಕಡುನೀಲಿಯ ದೊಡ್ಡ ಹೂಗಳು ತಲೆಯೆತ್ತಿ ನಿಂತಿದ್ದವು. ಆರೈಕೆಯಿಂದ ಹೀಗೆ ತುಂಬಿಕೊಂಡಿವೆ ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದಳಲ್ಲ! ಇಷ್ಟು ವರ್ಷ ಈ ವ್ಯತ್ಯಾಸ ಕಣ್ಣೆದುರೇ ಇತ್ತು. ಅವಳು ನೋಡಿರಲಿಲ್ಲ... ನೋಡಲು ಮನಸ್ಸಿರಲಿಲ್ಲ.

ಅಲ್ಲಿಂದಲೇ ಗಾಂಚೆವ್‌ಗೆ ಫೋನ್ ಮಾಡಿದಳು. ತನ್ನ ಅರ್ಜಿಯನ್ನು ವಾಪಸ್ ಪಡೆಯುತ್ತೇನೆ, ಇಳಿಜಾರಿನ ಹೊಣೆ ಇನ್ನೂ ತನ್ನದೇ, ಬೀಜ ಉದುರುವ ಮುಂಚೆ ಕೀಳುತ್ತೇನೆ ಎಂದಳು. ಇರುವ ಕೆಲಸವೂ ಹೋದೀತು ಎಂದು ಅವರು ಕಿರುಚಿದರು. ಹೋಗುತ್ತದೆಂದು ಅವಳಿಗೂ ಗೊತ್ತಿತ್ತು.

ಕಾಲುದಾರಿಯ ಬದಿಯ ಮೊದಲ ಗಿಡ ಕುನೇವಾ ತಮ್ಮ ಕೈಯಾರೆ ನೆಟ್ಟದ್ದು. ಇಸ್ಕ್ರಾ ಅದರ ಮುಂದೆ ಮಂಡಿಯೂರಿದಳು. ಕೈ ಹೋಗಲಿಲ್ಲ. ಬಹಳ ಹೊತ್ತು ಕೂತಳು. ಆಮೇಲೆ ಬುಡಕ್ಕೆ ಕೈ ಹಾಕಿ ಎಳೆದಳು, ಬೇರಿನ ಜೊತೆ ಮಣ್ಣೂ ಬಂತು, ಅವಳು ಬಾಯಿ ಬಿಟ್ಟು ಅತ್ತಳು. ಗುರು ಎರಡನೆಯ ಸಲ ಸತ್ತಂತಾಯಿತು, ಈ ಸಲ ತನ್ನ ಕೈಯಲ್ಲೇ.

ಮಧ್ಯಾಹ್ನದ ಹೊತ್ತಿಗೆ ವೆಲ್ಕೊ ಬಂದ. ಕಂಕುಳಲ್ಲಿ ಖಾಲಿ ಗೋಣಿಚೀಲಗಳು.

“ಗಾಂಚೆವ್ ಕಳ್ಸಿದ್ರಾ, ನನ್ನ ತಡೆಯೋಕೆ?”

“ಫೋನ್ ಮಾಡಿದ್ರು. ನಾನು ಬರೆದದ್ದನ್ನ ವಾಪಸ್ ತಗೊಂಡು, ನಿನ್ನ ಸಮಾಧಾನ ಮಾಡಿದ್ರೆ ನಿನ್ನನ್ನೇ ನಿರ್ದೇಶಕಿ ಮಾಡ್ತಾರಂತೆ.”

“ನೀನೇನಂದೆ?”

“ಗೋಣಿಚೀಲ ತಂದಿದೀನಲ್ಲ, ನೋಡು.”

ಅವಳು ಮುಖ ತಿರುಗಿಸಿ ಕೀಳುತ್ತಲೇ ಇದ್ದಳು. “ಕುರ್ಚಿಗೋಸ್ಕರ ಮಾಡಿದೆ ಅಂತಾರೆ.”

“ನಾನು ಅರ್ಜಿನೇ ಹಾಕಿಲ್ಲ ಇಸ್ಕ್ರಾ. ಹಾಕೋ ಕಾಲಾನೂ ಮುಗೀತು.”

“ಮತ್ತೆ ಯಾಕೆ ಹೇಳ್ಲಿಲ್ಲ ನಂಗೆ?” ಈಗ ಅವಳು ಅವನ ಕಡೆ ತಿರುಗಿದಳು. “ಎಲ್ಲರ ಮುಂದೆ ಕೇಳಿಸ್ಕೋಬೇಕಿತ್ತಾ ನಾನು?”

ಅವನು ಅವಳ ಪಕ್ಕದಲ್ಲಿ ಮಂಡಿಯೂರಿದ. “ನಾನೇ ತಪ್ಪಿರ್ಲಿ ಅಂತ ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಆಮೇಲೆ ಹೇಳ್ಬೇಕು ಅಂತಲೇ ನಿಮ್ಮನೆಗೆ ಬಂದೆ. ನೀನು ಬಾಗಿಲು ತೆಗೆದೆ, ಏನೋ ನೆನೆಸ್ಕೊಂಡು ಜೋರಾಗಿ ನಕ್ಕೆ. ಪ್ರೊಫೆಸರ್ ಹೋದ್ಮೇಲೆ ನೀನು ಹಾಗೆ ನಕ್ಕಿದ್ದೇ ಇಲ್ಲ ಅಂತ ನಿಮ್ಮಮ್ಮ ನನ್ನ ಕಿವೀಲಿ ಹೇಳಿದ್ರು. ಆಗ್ಲಿಲ್ಲ ನನ್ನ ಕೈಲಿ. ಆಮೇಲೆ ಪರಿಶೀಲಕ ಅಂತ ಹೆಸರು ಬಂತು, ನಿಯಮದ ಹಿಂದೆ ಅಡಗಿಕೊಂಡೆ.”

“ಹೇಡಿ.”

“ಹೌದು. ನಿನ್ನ ಪ್ರೀತಿಸ್ತೀನಿ. ಅದೂ ಹೌದು.”

ಅವಳು ಪಕ್ಕಕ್ಕೆ ಸರಿದು ಅವನ ಕೈಗೂ ಜಾಗ ಮಾಡಿದಳು. ಇಬ್ಬರೂ ಇಳಿಜಾರಿನುದ್ದಕ್ಕೂ ಕೀಳುತ್ತಾ ಹೋದರು. ಅವರ ಹಿಂದೆ ಬೆಟ್ಟ ಮತ್ತೆ ಬೋಳಾಗುತ್ತಾ ಬಂತು, ಬೇಲಿಯಾಚೆ ನಿಂತ ಕುರುಬನೊಬ್ಬ ಸಾವಿನ ಮನೆಯ ಮುಂದೆ ಎಂಬಂತೆ ಟೋಪಿ ತೆಗೆದ.

ಬಿಸಿಲು ಇಳಿದಾಗ ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. ಅಂಗೈ ಸುಲಿದು ರಕ್ತ ಬಂದಿತ್ತು. ಅವನು ಕರವಸ್ತ್ರ ಬಿಚ್ಚಿ ಕಟ್ಟಲು ಬಂದಾಗ ಕೈ ಹಿಂದೆಳೆಯಲಿಲ್ಲ.

“ಇನ್ಮೇಲೆ ಕೆಟ್ಟ ಸುದ್ದಿ ಏನಿದ್ರೂ ಮೊದಲು ನಂಗೆ ಹೇಳ್ಬೇಕು,” ಎಂದಳು. “ನಾನು ನಗ್ತಾ ಇದ್ರೂ ಸರಿ.”

“ಈಗಲೇ ಒಂದಿದೆ.”

“ಹೇಳು.”

“ಇವತ್ತು ಕಿತ್ರೆ ಮುಗಿಯಲ್ಲ. ಮಣ್ಣಲ್ಲಿ ಬೀಜ ಬಿದ್ದಿದೆ, ವರ್ಷಾ ವರ್ಷಾ ಮೊಳಕೆ ಬರುತ್ತೆ. ನಮ್ಮ ತಲೆ ನರೆಯೋ ತನಕ ಪ್ರತಿ ವಸಂತದಲ್ಲೂ ಬಂದು ಕೀಳ್ಬೇಕು. ಸಂಬಳ ಕೊಡೋರಿಲ್ಲ, ಹೊಗಳೋರಿಲ್ಲ. ಬಂಡೆ ಮೇಲಿನವು ಆಗ್ಲೂ ಉಳಿಯುತ್ವೆ ಅಂತ ಹೇಳೋಕಾಗಲ್ಲ.”

ಅವಳು ಬಂಡೆಯ ಕಡೆ ನೋಡಿದಳು. ಆಮೇಲೆ ಅವನ ಕಡೆ.

“ಬರ್ತೀಯಾ?”

“ಪ್ರತಿ ವಸಂತಕ್ಕೂ ಬರ್ತೀನಿ.”

“ಹಾಗಾದ್ರೆ ಆ ಚೀಲ ಹಿಡ್ಕೋ,” ಎಂದಳು ಇಸ್ಕ್ರಾ. “ಕತ್ತಲಾಗೋಕೆ ಮುಂಚೆ ಆ ಮೂಲೆ ಒಂದು ಮುಗ್ಸೋಣ.”